ಕೊಯ್ದರೆ ಕೆಂಪೇರುವ ಕಾಡಣಬೆ: ಅಮಾನಿಟ ರುಬೆಸೆನ್ಸ್ ಗುರುತಿಸುವ, ವಿವರಿಸುವ ಸಮಗ್ರ ಮಾರ್ಗದರ್ಶಿ

ಮುಟ್ಟಿದರೆ ಮುನಿ ಗಿಡ ಬೆರಳು ತಾಗಿದ ಕ್ಷಣವೇ ಎಲೆ ಮಡಚಿಕೊಳ್ಳುತ್ತದೆ. ಈ ಅಣಬೆಗೆ ಅಷ್ಟು ಅವಸರವಿಲ್ಲ. ಉದ್ದಕ್ಕೆ ಸೀಳಿ ಬದಿಗಿಟ್ಟು, ಪಕ್ಕದ ಇನ್ನೊಂದನ್ನು ಅಗೆದು ತೆಗೆದು, ಕೈಯ ಮಣ್ಣು ಒರೆಸಿಕೊಂಡು ತಿರುಗಿ ನೋಡುವಷ್ಟರಲ್ಲಿ ಬೆಳ್ಳಗಿದ್ದ ತಿರುಳಿನಲ್ಲಿ ನಸುಗೆಂಪು ಇಣುಕಿರುತ್ತದೆ. ಕೆಲವು ಸಲ ಅದೂ ಇಲ್ಲ. ಅರ್ಧ ಗಂಟೆ ಕಾಯಬೇಕು. ಇದರ ಹೆಸರು ಅಮಾನಿಟ ರುಬೆಸೆನ್ಸ್. 1797ರಲ್ಲಿ ಕ್ರಿಸ್ತಿಯಾನ್ ಹೆಂಡ್ರಿಕ್ ಪರ್ಸೂನ್ ಪ್ರಕಟಿಸಿದ ಹೆಸರು. ರುಬೆಸೆನ್ಸ್ ಎಂಬ ಲ್ಯಾಟಿನ್ ಪದಕ್ಕೆ ‘ಕೆಂಪಾದದ್ದು’ ಎಂದಲ್ಲ, ‘ಕೆಂಪಾಗುತ್ತಿರುವುದು’ ಎಂದು ಅರ್ಥ. ವ್ಯಾಕರಣದ ಈ ಸಣ್ಣ ವ್ಯತ್ಯಾಸದಲ್ಲಿಯೇ ಇದನ್ನು ಗುರುತಿಸುವ ಕೆಲಸದ ಅರ್ಧ ಗುಟ್ಟಿದೆ.

ಇಂಗ್ಲಿಷಿನವರು ಇದನ್ನು ಬ್ಲಷರ್ ಎನ್ನುತ್ತಾರೆ. ಜರ್ಮನ್ನರು ಟೋಪಿಯ ಮೇಲಿನ ಗುಳ್ಳೆಗಳನ್ನು ನೋಡಿ ಪೆರ್ಲ್‌ಪಿಲ್ಟ್ಸ್, ಅಂದರೆ ಮುತ್ತಿನಣಬೆ ಎಂದರು. ಮಳೆ ಬಂದರೆ ಮುತ್ತು ತೊಳೆದು ಹೋಗುತ್ತದೆ. ಕೆಂಪಿನ ಪಾಡೂ ಹೆಚ್ಚುಕಡಿಮೆ ಅದೇ. ಅಣಬೆಯನ್ನು ಒಣಗಿಸಿ ಪೊಟ್ಟಣ ಕಟ್ಟಿಟ್ಟರೆ ಬೀಜಕಗಳು, ಅಂದರೆ ಅಣಬೆಯ ಸಂತಾನ ಹರಡುವ ಪುಡಿಯಂಥ ಕಣಗಳು, ಉಳಿಯುತ್ತವೆ, ಡಿಎನ್‌ಎ ಉಳಿಯುತ್ತದೆ, ಮುದುಡಿದ ಆಕಾರವೂ ಉಳಿಯುತ್ತದೆ. ಕೆಂಪು ಎಲ್ಲಿಂದ ಶುರುವಾಯಿತು, ಎಷ್ಟು ನಿಮಿಷ ಹಿಡಿಯಿತು, ಯಾವ ಬಣ್ಣದಲ್ಲಿ ನಿಂತಿತು ಎಂಬುದು ಮಾತ್ರ ನೀವು ಬರೆದರೆ ಉಂಟು, ಬರೆಯದಿದ್ದರೆ ಇಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹೆಸರಿಗಿಂತ ಟಿಪ್ಪಣಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲೇ ಒಂದು ಮಾತು. ಇದನ್ನು ಓದಿ ಯಾರೂ ಅಣಬೆ ತಿನ್ನಬಾರದು. ಹಸಿ ರುಬೆಸೆನ್ಸ್‌ನಲ್ಲಿ ರಕ್ತದ ಕೆಂಪು ಕಣಗಳನ್ನು ಒಡೆಯುವ ಪ್ರೋಟೀನ್ ಇದೆ. ಚೆನ್ನಾಗಿ ಬೇಯಿಸಿದರೆ ಅದು ನಾಶವಾಗುತ್ತದೆ ಎಂಬ ಕಾರಣಕ್ಕೆ ಯುರೋಪಿನಲ್ಲಿ ಇದನ್ನು ತಿನ್ನುವವರಿದ್ದಾರೆ. ಆದರೆ ಇದರ ದಾಯಾದಿಗಳಲ್ಲಿ ಬೇಯಿಸಿದರೂ ವಿಷ ಉಳಿಯುವಂಥವು ಹಲವು. ಯೂಲಿಯುಸ್ ಶೆಫರ್ ಎಂಬ ಜರ್ಮನ್ ಶಿಲೀಂಧ್ರ ತಜ್ಞ 1944ರಲ್ಲಿ ತೀರಿಕೊಂಡದ್ದು ಪ್ಯಾಕ್ಸಿಲಸ್ ಇನ್ವೊಲ್ಯೂಟಸ್ ಎಂಬ ಅಣಬೆ ತಿಂದು. ಬೇಯಿಸಿದರೆ ತಿನ್ನಬಹುದು ಎಂದೇ ಆ ಕಾಲದವರು ಅದರ ಬಗ್ಗೆ ನಂಬಿದ್ದರು. ಗುರುತಿಸುವುದರಲ್ಲಿ ಆತ ತಪ್ಪಲಿಲ್ಲ ಎಂಬುದನ್ನು ಗಮನಿಸಿ.

ಚೀಲದಲ್ಲಿ ಏನಿರಬೇಕು

ಗಟ್ಟಿ ಅಲಗಿನ ಚಾಕು, ಸಣ್ಣ ಕರಣೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಮಿಲಿಮೀಟರ್ ಗೆರೆಗಳಿರುವ ಅಳತೆಪಟ್ಟಿ, ಗಡಿಯಾರ, ಪೆನ್ಸಿಲ್, ಪುಸ್ತಕ. ಪೆನ್ನು ಬೇಡ, ಒದ್ದೆ ಹಾಳೆಯ ಮೇಲೆ ಶಾಯಿ ಹರಡುತ್ತದೆ. ಫೋಟೋದಲ್ಲಿ ಬಣ್ಣ ಹದವಾಗಿ ಬರಲು ಅಣಬೆಯ ಪಕ್ಕದಲ್ಲಿಡುವುದಕ್ಕೆ ಒಂದು ಬೂದು ಅಥವಾ ಬಿಳಿ ರಟ್ಟು. ಅಣಬೆ ಇಡಲು ಗಟ್ಟಿ ಡಬ್ಬಿ ಅಥವಾ ಕಾಗದದ ಪೊಟ್ಟಣ. ಪ್ಲಾಸ್ಟಿಕ್ ಚೀಲ ಖಂಡಿತ ಬೇಡ. ಪ್ಲಾಸ್ಟಿಕ್ಕಿನೊಳಗೆ ಅಣಬೆ ಬೆವರಿ ಕೊಳೆಯುತ್ತದೆ ಎಂಬುದು ಒಂದು ಕಾರಣ. ಒಂದಕ್ಕೊಂದು ಉಜ್ಜಿಕೊಂಡು ಎಲ್ಲ ಕಡೆಯೂ ಗಾಯವಾಗಿ, ಮನೆಗೆ ಬರುವಷ್ಟರಲ್ಲಿ ಎಲ್ಲವೂ ಕೆಂಪಾಗಿರುತ್ತದೆ ಎಂಬುದು ನಮಗೆ ಮುಖ್ಯವಾದ ಕಾರಣ. ಆಮೇಲೆ ಯಾವ ಕೆಂಪು ಕಾಡಿನದು, ಯಾವುದು ಚೀಲದ್ದು ಎಂದು ಬೇರ್ಪಡಿಸುವುದು ಸಾಧ್ಯವಿಲ್ಲ.

ಮೊದಲ ಹಂತ: ಕೈ ಹಾಕುವ ಮೊದಲು ನೋಡುವುದು

ರುಬೆಸೆನ್ಸ್ ಮರಗಳ ಬೇರಿನೊಂದಿಗೆ ಕೊಡುಕೊಳ್ಳುವ ಸಂಬಂಧ ಇಟ್ಟುಕೊಂಡು ಬದುಕುವ ಶಿಲೀಂಧ್ರ. ಹಾಗಾಗಿ ಅದು ಮೇಲೇಳುವುದು ನೆಲದಿಂದ, ಕೊಳೆಯುವ ಮರದ ದಿಮ್ಮಿಯಿಂದಲ್ಲ. ಮರದ ಆಯ್ಕೆಯಲ್ಲಿ ಅದಕ್ಕೆ ಹೆಚ್ಚು ಹಟವಿಲ್ಲ. ಓಕ್, ಬೀಚ್, ಬರ್ಚ್‌ಗಳ ಕೆಳಗೂ ಪೈನ್, ಸ್ಪ್ರೂಸ್‌ಗಳ ಕೆಳಗೂ ಸಿಗುತ್ತದೆ. ಪೈನ್ ಸಸಿಗಳ ಬೇರಿನ ಜೊತೆ ಪಯಣಿಸಿ ದಕ್ಷಿಣ ಆಫ್ರಿಕದ ನೆಡುತೋಪುಗಳಲ್ಲೂ ನೆಲೆಯೂರಿದೆ. ಯುರೋಪಿನ ಕಾಡುಗಳಲ್ಲಿ ಇದರ ಕಾಲ ಬೇಸಿಗೆಯಿಂದ ಶರತ್ಕಾಲದವರೆಗೆ.

ಸುತ್ತ ಇರುವ ಮರಗಳನ್ನೆಲ್ಲ ಬರೆದುಕೊಳ್ಳಿ, ಹತ್ತಿರದ್ದನ್ನು ಮಾತ್ರವಲ್ಲ. ದೊಡ್ಡ ಮರದ ಬೇರು ಬುಡದಿಂದ ಬಹುದೂರ ಹರಿದಿರುತ್ತದೆ. ಅಣಬೆಯ ಪಕ್ಕದಲ್ಲಿ ನಿಂತ ಸಸಿಗೆ ಅದರೊಂದಿಗೆ ಯಾವ ನಂಟೂ ಇಲ್ಲದಿರಬಹುದು. ಮರದ ಹೆಸರು ಗೊತ್ತಿಲ್ಲದಿದ್ದರೆ ಒಂದು ಎಲೆ ಎತ್ತಿಕೊಂಡು ಪುಸ್ತಕದೊಳಗಿಡಿ.

ಕೀಳುವ ಮೊದಲು ಮೂರು ಚಿತ್ರ: ಮೇಲಿನಿಂದ, ನೆಲಮಟ್ಟದಲ್ಲಿ ಪಕ್ಕದಿಂದ, ಸುತ್ತಲಿನ ನೆಲೆ ಕಾಣುವಂತೆ ದೂರದಿಂದ.

ಈಗ ಮಂಡಿಯೂರಿ ಕುಳಿತು, ಮುಟ್ಟದೆ, ಆಗಲೇ ಕೆಂಪಾಗಿರುವ ಜಾಗಗಳನ್ನು ಹುಡುಕಿ. ಗೊಂಡೆಹುಳು ಕಡಿದ ಅಂಚು, ಟೋಪಿಯ ಅಡಿಯಲ್ಲಿ ತೆಳು ಹಾಳೆಗಳಂತೆ ಜೋಡಿಸಿಕೊಂಡಿರುವ ಕಿವಿರುಗಳ ಮೇಲಿನ ಚುಕ್ಕೆ, ಕಾಂಡದಲ್ಲಿ ಮರಿಹುಳು ಕೊರೆದ ತೂತು. ಕಾಡು ತಾನೇ ಮಾಡಿಟ್ಟ ಪ್ರಯೋಗ ಇದು. ಗಂಟೆಗಟ್ಟಲೆ ಹಿಂದೆ ಆದ ಗಾಯದಲ್ಲಿ ಬಣ್ಣ ಪೂರ್ತಿ ಏರಿರುತ್ತದೆ, ನಿಮ್ಮ ಚಾಕುವಿನ ಗಾಯದಲ್ಲಿ ಇನ್ನೂ ಏರಬೇಕಿರುತ್ತದೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ಎರಡನೆಯ ಹಂತ: ಬುಡಸಮೇತ ಎತ್ತುವುದು

ಕಾಂಡ ಹಿಡಿದು ಎಳೆದರೆ ಬುಡ ಮಣ್ಣಿನಲ್ಲೇ ಉಳಿಯುತ್ತದೆ. ಅಮಾನಿಟ ಕುಲದಲ್ಲಿ ಬುಡ ಕಳೆದುಕೊಂಡರೆ ಹೆಸರನ್ನೇ ಕಳೆದುಕೊಂಡಂತೆ. ಅಣಬೆ ಎಳೆಯದಾಗಿದ್ದಾಗ ಇಡೀ ದೇಹವನ್ನು ಸುತ್ತಿದ್ದ ಹೊರಪೊರೆ ಹರಿದಾಗ ಅದರ ಒಂದು ಪಾಲು ಟೋಪಿಯ ಮೇಲೆ ಗುಳ್ಳೆಗಳಾಗಿ ಕೂರುತ್ತದೆ, ಇನ್ನೊಂದು ಪಾಲು ಬುಡದಲ್ಲಿ ಚೀಲವಾಗಿಯೋ ಬಳೆಯಾಗಿಯೋ ಚಿಪ್ಪುಗಳ ಸಾಲಾಗಿಯೋ ಉಳಿಯುತ್ತದೆ. ಯಾವ ರೂಪದಲ್ಲಿ ಉಳಿದಿದೆ ಎಂಬುದು ಜಾತಿಯಿಂದ ಜಾತಿಗೆ ಬೇರೆ. ಸಾವಿನ ಟೋಪಿ ಎಂದೇ ಕುಖ್ಯಾತವಾದ ಅಮಾನಿಟ ಫ್ಯಾಲಾಯ್ಡೆಸ್‌ನ ಚೀಲ ಇರುವುದು ಮಣ್ಣಿನೊಳಗೆ.

ಕಾಂಡದಿಂದ ನಾಲ್ಕು ಬೆರಳು ದೂರದಲ್ಲಿ ಕರಣೆ ಊರಿ, ಮಣ್ಣಿನ ಹೆಂಟೆಯ ಸಮೇತ ಮೇಲೆತ್ತಿ, ಮಣ್ಣನ್ನು ಮೆಲ್ಲಗೆ ಬಿಡಿಸಿ. ತೊಳೆಯಬೇಡಿ. ಒಂದೇ ಗುಂಪಿನಿಂದ ಸಾಧ್ಯವಾದರೆ ಮೂರು ವಯಸ್ಸಿನವು ಬೇಕು: ಟೋಪಿ ಬಿಚ್ಚದ ಮೊಗ್ಗು, ಕಾಂಡದ ಸುತ್ತಣ ಪೊರೆಯ ಉಂಗುರ ಟೋಪಿಯಿಂದ ಆಗಷ್ಟೇ ಬಿಡುಗಡೆಯಾದದ್ದು, ಪೂರ್ತಿ ಹರಡಿದ್ದು. ಒಂದೇ ಇದ್ದರೆ ಅದರ ಚಿತ್ರ ತೆಗೆದು ಬಿಟ್ಟುಬಿಡುವುದು ನನ್ನ ರೂಢಿ. ಒಂಟಿ ಮಾದರಿಯಿಂದ ಬರೆದ ವಿವರಣೆ ಆ ಒಂದು ಅಣಬೆಯ ಜಾತಕವಾದೀತು, ಜಾತಿಯ ವಿವರಣೆಯಾಗುವುದಿಲ್ಲ.

ಮೂರನೆಯ ಹಂತ: ಗಡಿಯಾರ ಹಿಡಿದು ಕೆಂಪನ್ನು ನೋಡುವುದು

ಇಡೀ ಕೆಲಸದ ತಿರುಳು ಇಲ್ಲಿದೆ. ಕಲಿಯುವ ದಿನಗಳಲ್ಲಿ ನಾನು ಪುಸ್ತಕದ ತುಂಬ ‘ಕೆಂಪಾಗುತ್ತದೆ’ ಎಂದು ಒಂದೇ ಪದ ಬರೆದಿಟ್ಟಿದ್ದೆ. ವರ್ಷ ಕಳೆದ ಮೇಲೆ ಓದಿದರೆ ಆ ಪದದಿಂದ ಏನೂ ತಿಳಿಯಲಿಲ್ಲ. ಏಕೆಂದರೆ ಕೆಂಪಾಗುವ ಕಾಡಣಬೆಗಳು ಹತ್ತಾರಿವೆ, ಪ್ರತಿಯೊಂದೂ ಕೆಂಪಾಗುವ ರೀತಿ ಬೇರೆ.

ನಡುವಯಸ್ಸಿನ ಅಣಬೆಯೊಂದನ್ನು ಟೋಪಿಯ ತಲೆಯಿಂದ ಬುಡದ ಗೆಡ್ಡೆಯವರೆಗೆ ಉದ್ದಕ್ಕೆ ಎರಡಾಗಿ ಸೀಳಿ. ಚಾಕು ಒರೆಸಿ ಒಣಗಿರಲಿ. ಹಿಂದಿನ ಅಣಬೆಯ ರಸ ಅಂಟಿದ್ದರೆ ಸುಳ್ಳು ಬಣ್ಣ ಬರುತ್ತದೆ. ಸೀಳಿದ ಕ್ಷಣದ ಹೊತ್ತು ಬರೆದುಕೊಂಡು, ಹೋಳುಗಳನ್ನು ನೆರಳಿನಲ್ಲಿ ಬಿಳಿ ರಟ್ಟಿನ ಮೇಲಿಡಿ. ಬಿಸಿಲಿನಲ್ಲಿಟ್ಟರೆ ತಿರುಳು ಬೇಗ ಒಣಗಿ ಬಣ್ಣ ಅರ್ಧಕ್ಕೇ ನಿಲ್ಲುತ್ತದೆ. ಒಂದು ನಿಮಿಷ, ಐದು, ಹತ್ತು, ಮೂವತ್ತು, ಅರವತ್ತು ನಿಮಿಷಗಳಲ್ಲಿ ಒಂದೊಂದು ಚಿತ್ರ ತೆಗೆದು ಒಂದೊಂದು ಸಾಲು ಬರೆಯಿರಿ. ಬದಲಾವಣೆ ಕಾಣದಿದ್ದರೆ ‘ಬದಲಾವಣೆ ಇಲ್ಲ’ ಎಂದೇ ಬರೆಯಿರಿ. ಖಾಲಿ ಬಿಟ್ಟ ಸಾಲು ನೋಡಿದವರಿಗೆ ನೀವು ನೋಡಲಿಲ್ಲವೋ ಏನೂ ಆಗಲಿಲ್ಲವೋ ತಿಳಿಯುವುದಿಲ್ಲ.

ಐದು ಜಾಗಗಳನ್ನು ಪ್ರತ್ಯೇಕವಾಗಿ ಗಮನಿಸಬೇಕು: ಟೋಪಿಯ ಸಿಪ್ಪೆಯ ಕೆಳಗಿನ ತಿರುಳು, ಕಿವಿರುಗಳು, ಕಾಂಡದ ಹೊರಮೈ, ಕಾಂಡದ ನಡುತಿರುಳು, ಬುಡದ ಗೆಡ್ಡೆ. ರುಬೆಸೆನ್ಸ್‌ನಲ್ಲಿ ಬಣ್ಣ ಎಲ್ಲ ಕಡೆ ಒಂದೇ ಹದದಲ್ಲಿ ಏರುವುದಿಲ್ಲ. ಬುಡದಲ್ಲಿ, ಅದರಲ್ಲೂ ಮರಿಹುಳುಗಳ ಸುರಂಗದ ಸುತ್ತ, ಎಲ್ಲಕ್ಕಿಂತ ಗಾಢವಾಗಿರುತ್ತದೆ. ಟೋಪಿಯ ತಿರುಳು ಬಹಳ ಹೊತ್ತು ಬಿಳಿಯಾಗಿಯೇ ಇದ್ದು, ಸಿಪ್ಪೆಯ ಅಡಿಯಲ್ಲಿ ಮಾತ್ರ ಗುಲಾಬಿ ಗೆರೆ ಮೂಡಬಹುದು. ಹೊಸ, ಹುಳು ಮುಟ್ಟದ ಅಣಬೆಯಾದರೆ ಅರ್ಧ ಗಂಟೆಯಾದರೂ ಏನೂ ಕಾಣದೆ ‘ಇದು ಅದಲ್ಲ’ ಎಂದು ಬಿಸಾಡುವವರುಂಟು. ಆಗ ಬುಡವನ್ನು ಇನ್ನೊಮ್ಮೆ ಅಡ್ಡಕ್ಕೆ ಕೊಯ್ದು ಬೆರಳಿನಿಂದ ಉಜ್ಜಿ ಕಾಯಬೇಕು.

ಕೊಯ್ದ ಸೇಬು, ಬದನೆಕಾಯಿ ಕಂದಾಗುವುದರ ಹಿಂದಿನ ಕತೆಯೇ ಇಲ್ಲಿಯೂ ಇದೆ: ಜೀವಕೋಶಗಳು ಒಡೆದಾಗ ಒಳಗಿನ ದ್ರವ್ಯಗಳಿಗೆ ಗಾಳಿಯ ಆಮ್ಲಜನಕ ತಾಗಿ ಬಣ್ಣ ಹುಟ್ಟುತ್ತದೆ. ಆದ್ದರಿಂದ ಚಳಿ, ಬಿಸಿ, ಅಣಬೆಯ ವಯಸ್ಸು, ನೀರಿನಂಶ ಎಲ್ಲವೂ ವೇಗವನ್ನು ಬದಲಿಸುತ್ತವೆ. ನಿಮ್ಮ ‘ಹತ್ತು ನಿಮಿಷ’ಕ್ಕೆ ಬೆಲೆ ಬರಬೇಕಾದರೆ ಪಕ್ಕದಲ್ಲಿ ಅಂದಿನ ಹವೆಯನ್ನೂ ಬರೆದಿರಬೇಕು.

ಇನ್ನು ಬಣ್ಣದ ಹೆಸರು. ಕನ್ನಡದಲ್ಲಿ ಕೆಂಪಿಗೆ ಬರವಿಲ್ಲ: ನಸುಗೆಂಪು, ಕೆಂಗಂದು, ಇಟ್ಟಿಗೆ ಕೆಂಪು, ದಾಳಿಂಬೆ ಕೆಂಪು, ಕುಂಕುಮ ಕೆಂಪು. ಆದರೆ ಕುಂಕುಮವೂ ಅಂಗಡಿಗೊಂದು ಬಣ್ಣ. ಸಾಧ್ಯವಿದ್ದರೆ ಮುನ್ಸೆಲ್‌ನಂತಹ ಬಣ್ಣಪಟ್ಟಿಯ ಸಂಕೇತ ಬರೆಯಿರಿ. ಇಲ್ಲದಿದ್ದರೆ ಗುಲಾಬಿಯತ್ತ ವಾಲಿದೆಯೇ, ಕಿತ್ತಳೆಯತ್ತವೇ, ಕಂದಿನತ್ತವೇ ಎಂದಾದರೂ ಹೇಳಿ. ರುಬೆಸೆನ್ಸ್‌ನ ಕೆಂಪು ಗುಲಾಬಿಯಿಂದ ಶುರುವಾಗಿ ಕೆಂಪು ದ್ರಾಕ್ಷಾರಸದ ಕಡೆಗೆ ಹೋಗುತ್ತದೆ, ಕೊನೆಯಲ್ಲಿ ಕೆಂಗಂದಾಗಿ ನಿಲ್ಲುತ್ತದೆ. ಕಿತ್ತಳೆಯ ಸುಳಿವು ಕಂಡರೆ ಅನುಮಾನಿಸಿ.

ಬೇರೆಯವು ಹೇಗೆ ಕೆಂಪಾಗುತ್ತವೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಶಂಕುಮರಗಳ ಕಾಡಿನ ಅಗಾರಿಕಸ್ ಸಿಲ್ವಾಟಿಕಸ್ ಕೊಯ್ದ ಕೂಡಲೇ ರಕ್ತ ಚಿಮ್ಮಿದ ಹಾಗೆ ಕೆಂಪಾಗಿ ಆಮೇಲೆ ಕಂದಾಗುತ್ತದೆ. ಅದರ ಬಲಿತ ಕಿವಿರುಗಳು ಚಾಕೊಲೇಟ್ ಕಂದು. ಕ್ಲೋರೊಫಿಲಮ್ ರಾಕೊಡೆಸ್ ಕ್ಷಣಾರ್ಧದಲ್ಲಿ ಕೇಸರಿ ಕಿತ್ತಳೆಗೆ ತಿರುಗಿ ನಂತರ ಕೆಂಗಂದಾಗುತ್ತದೆ. ಅದಕ್ಕೂ ಉಂಗುರ, ಉಬ್ಬಿದ ಬುಡ, ಬಿಳಿ ಬೀಜಕ ಎಲ್ಲ ಇರುವುದರಿಂದ ಹೊಸಬರು ಎಡವುವುದು ಹೆಚ್ಚು. ರುಸುಲ ನೈಗ್ರಿಕನ್ಸ್ ಕೆಂಪಾಗಿ ಅಲ್ಲಿಗೇ ನಿಲ್ಲದೆ ಕಪ್ಪಾಗುತ್ತದೆ; ಉಂಗುರವಿಲ್ಲ, ಕಿವಿರುಗಳು ದಪ್ಪ, ವಿರಳ. ಮೈಸೀನ ಹೆಮಟೋಪಸ್ ಕೊಳೆತ ಮರದ ಮೇಲಿನ ಪುಟ್ಟ ಅಣಬೆ, ಮುರಿದರೆ ಕೆಂಪು ಹನಿಯೇ ಒಸರುತ್ತದೆ. ಎಲ್ಲಕ್ಕಿಂತ ಎಚ್ಚರವಿರಬೇಕಾದದ್ದು ಇನೊಸ್ಪರ್ಮ ಎರುಬೆಸೆನ್ಸ್ ಬಗ್ಗೆ. ಹಿಂದೆ ಇನೊಸೈಬೆ ಕುಲದಲ್ಲಿದ್ದ ಇದು ಮೊದಲು ದಂತದ ಬಿಳಿ, ನಿಧಾನವಾಗಿ ಇಟ್ಟಿಗೆ ಕೆಂಪು. ಮಸ್ಕರಿನ್ ಎಂಬ ವಿಷ ತುಂಬಿದೆ, ಜೀವ ತೆಗೆಯಬಲ್ಲದು. ಅದಕ್ಕೆ ಉಂಗುರವಿಲ್ಲ, ಟೋಪಿಯ ನಾರುಗಳು ನಡುವಿನಿಂದ ಅಂಚಿಗೆ ಸೀಳಿರುತ್ತವೆ, ಬೀಜಕ ಕಂದು. ನಿಧಾನವಾಗಿ ಕೆಂಪಾಗುವುದು ಸಾಧುವಿನ ಲಕ್ಷಣವೇನಲ್ಲ.

ನಾಲ್ಕನೆಯ ಹಂತ: ತಲೆಯಿಂದ ಬುಡದವರೆಗೆ

ಟೋಪಿ ಸಾಮಾನ್ಯವಾಗಿ 5ರಿಂದ 15 ಸೆಂ.ಮೀ. ಅಗಲ. ಮೊದಲು ಅರ್ಧಗೋಳ, ಬಲಿತಂತೆ ಮಟ್ಟಸ. ಬಣ್ಣ ಗುಲಾಬಿಗಂದಿನಿಂದ ಕೆಂಗಂದಿನವರೆಗೆ, ಒಮ್ಮೊಮ್ಮೆ ಬಿಳಿಚಿಕೊಂಡದ್ದೂ ಸಿಗುತ್ತದೆ. ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಗೀರುಗಳಿರುವುದಿಲ್ಲ. ಮೇಲಿನ ಗುಳ್ಳೆಗಳು ಬೂದು, ಮಾಸಲು ಬಿಳಿ ಅಥವಾ ಗುಲಾಬಿ ಛಾಯೆಯವು. ಬೆರಳಿನಿಂದ ಒರೆಸಿ ನೋಡಿ: ಹೊರಪೊರೆಯ ಚೂರಾದರೆ ಬಿಟ್ಟುಬರುತ್ತದೆ, ಅಡಿಯಲ್ಲಿ ನಯವಾದ ಸಿಪ್ಪೆ ಕಾಣುತ್ತದೆ. ಅಗಾರಿಕಸ್ ಮತ್ತು ಕ್ಲೋರೊಫಿಲಮ್‌ಗಳ ಟೋಪಿಯ ಮೇಲಿರುವುದು ಸಿಪ್ಪೆಯೇ ಒಡೆದು ಆದ ಹುರುಪೆ. ಒರೆಸಿದರೆ ಬರುವುದಿಲ್ಲ, ಕಿತ್ತರೆ ನಾರು ಬರುತ್ತದೆ. ಈ ಒಂದು ಒರೆಸುವಿಕೆ ಹಲವು ಪುಟಗಳ ಓದನ್ನು ಉಳಿಸುತ್ತದೆ.

ಕಿವಿರುಗಳು ಬಿಳಿ, ಒತ್ತೊತ್ತಾಗಿ, ಕಾಂಡಕ್ಕೆ ಅಂಟದೆ ಬಿಡುಬಿಡಿಯಾಗಿ ನಿಂತಿರುತ್ತವೆ. ವಯಸ್ಸಾದಂತೆ ಕೆಂಪು ಚುಕ್ಕೆಗಳು.

ಉಂಗುರಕ್ಕೆ ಮಸೂರ ಬೇಕು. ಎಳೆಯದರಲ್ಲಿ ಕಿವಿರುಗಳನ್ನು ಮುಚ್ಚಿದ್ದ ಒಳಪೊರೆ ಕಳಚಿ ಕಾಂಡದ ಮೇಲ್ಭಾಗದಲ್ಲಿ ಲಂಗದಂತೆ ಜೋತುಬೀಳುತ್ತದೆ. ಅದರ ಮೇಲ್ಮೈಯಲ್ಲಿ ಕಿವಿರುಗಳು ಒತ್ತಿ ಮೂಡಿಸಿದ ಸಣ್ಣ ಗೀರುಗಳ ಸಾಲು ಇದೆಯೇ ನೋಡಿ. ರುಬೆಸೆನ್ಸ್‌ನಲ್ಲಿ ಇರುತ್ತದೆ, ಸ್ಪಷ್ಟವಾಗಿಯೇ ಇರುತ್ತದೆ. ಒಣಗಿದ ಉಂಗುರ ಕಾಂಡಕ್ಕೆ ಅಂಟಿಕೊಂಡಿದ್ದರೆ ಸೂಜಿಯ ಮೊನೆಯಿಂದ ಮೆಲ್ಲನೆ ಎತ್ತಿ. ಗಂಧಕದ ಹಳದಿ ಬಣ್ಣದ ಉಂಗುರವಿರುವ ಒಂದು ರೂಪವೂ ಇದೆ. ಅದನ್ನು ಆನ್ಯುಲೊಸಲ್ಫ್ಯೂರಿಯ ಎಂಬ ಪ್ರಭೇದವಾಗಿ ಎಣಿಸಿದ್ದಾರೆ.

ಕಾಂಡ ಮೇಲೆ ಬಿಳಿ, ಕೆಳಗೆ ಹೋದಂತೆ ಕೆಂಪು ಛಾಯೆ. ಬುಡ ಗೆಡ್ಡೆಯಂತೆ ಉಬ್ಬಿರುತ್ತದೆ, ಆದರೆ ಚೀಲವಿಲ್ಲ, ಚಾಚಿದ ಅಂಚಿಲ್ಲ. ಹೆಚ್ಚೆಂದರೆ ಅಸ್ಪಷ್ಟವಾದ ಚಿಪ್ಪುಗಳ ಸಾಲು. ವಾಸನೆ ಹೇಳಿಕೊಳ್ಳುವಂಥದ್ದಲ್ಲ. ರುಚಿ ನೋಡುವ ಗೋಜಿಗೆ ಹೋಗಬೇಡಿ.

ಐದನೆಯ ಹಂತ: ಬೀಜಕದ ಅಚ್ಚು ಮತ್ತು ಸೂಕ್ಷ್ಮದರ್ಶಕ

ಟೋಪಿಯ ಒಂದು ಹೋಳನ್ನು ಕಿವಿರು ಕೆಳಗಾಗಿ ಗಾಜಿನ ಪಟ್ಟಿಯ ಮೇಲಿಟ್ಟು, ಮೇಲೆ ಬಟ್ಟಲು ಬೋರಲು ಹಾಕಿ ರಾತ್ರಿಯಿಡೀ ಬಿಡಿ. ಕಾಗದಕ್ಕಿಂತ ಗಾಜು ವಾಸಿ: ಕಪ್ಪು ಹಾಳೆಯ ಮೇಲೂ ಬಿಳಿ ಹಾಳೆಯ ಮೇಲೂ ಇಟ್ಟು ನೋಡಬಹುದು, ಬ್ಲೇಡಿನಿಂದ ಕೆರೆದು ಗುಡ್ಡೆ ಮಾಡಿದರೆ ನಿಜವಾದ ಬಣ್ಣ ತಿಳಿಯುತ್ತದೆ. ರುಬೆಸೆನ್ಸ್‌ನ ಅಚ್ಚು ಬಿಳಿ. ಕಂದು ಬಂದರೆ ಅಮಾನಿಟ ಅಲ್ಲ, ಅಲ್ಲಿಗೆ ಮುಗಿಯಿತು.

ಸೂಕ್ಷ್ಮದರ್ಶಕ ಇದ್ದವರು ಅಚ್ಚಿನಿಂದಲೇ ಬೀಜಕ ತೆಗೆದುಕೊಳ್ಳಬೇಕು. ಕಿವಿರಿನಿಂದ ಕೆರೆದದ್ದರಲ್ಲಿ ಬಲಿಯದ ಬೀಜಕಗಳು ಸೇರಿರುತ್ತವೆ. ಮೆಲ್ಜರ್ ದ್ರಾವಣದಲ್ಲಿ, ಅಂದರೆ ಅಯೋಡಿನ್, ಪೊಟ್ಯಾಸಿಯಂ ಅಯೋಡೈಡ್, ಕ್ಲೋರಲ್ ಹೈಡ್ರೇಟ್ ಮತ್ತು ನೀರು ಸೇರಿದ ದ್ರಾವಣದಲ್ಲಿ ನೋಡಿದರೆ ರುಬೆಸೆನ್ಸ್‌ನ ಬೀಜಕಗಳು ನೀಲಿ ಬೂದಿಗೆ ತಿರುಗುತ್ತವೆ. ಕನಿಷ್ಠ ಇಪ್ಪತ್ತು ಬೀಜಕ ಅಳೆಯಿರಿ. ಬೀಜಕದ ಬುಡದ ಸಣ್ಣ ಮೊನೆಯನ್ನು ಅಳತೆಗೆ ಸೇರಿಸಬೇಡಿ. ಉದ್ದ ಸುಮಾರು 8ರಿಂದ 10, ಅಗಲ 5ರಿಂದ 7 ಮೈಕ್ರೋಮೀಟರ್, ಆಕಾರ ಅಂಡಾಕಾರ. ಪ್ರತಿ ಬೀಜಕದ ಉದ್ದವನ್ನು ಅಗಲದಿಂದ ಭಾಗಿಸಿ ಬಂದ ಅನುಪಾತವನ್ನೂ ಬರೆಯಿರಿ. ಸರಾಸರಿ ಮಾತ್ರ ಬರೆಯುವುದು ಸೋಮಾರಿತನ. ಅತಿ ಚಿಕ್ಕದು, ಅತಿ ದೊಡ್ಡದು, ಎಷ್ಟು ಬೀಜಕ, ಎಷ್ಟು ಅಣಬೆಗಳಿಂದ ಎಂಬುದೆಲ್ಲ ಬೇಕು.

ಆರನೆಯ ಹಂತ: ಇಬ್ಬರು ದಾಯಾದಿಗಳು

ಅಮಾನಿಟ ಪ್ಯಾಂಥೆರಿನ ಮತ್ತು ಅಮಾನಿಟ ಎಕ್ಸೆಲ್ಸ. ಎರಡೂ ಕಂದು ಟೋಪಿಯವು, ಗುಳ್ಳೆಯಿರುವವು, ಅದೇ ಕಾಡಿನಲ್ಲಿ ಅದೇ ತಿಂಗಳು ಏಳುವವು. ಎರಡೂ ಕೆಂಪಾಗುವುದಿಲ್ಲ. ‘ಹಾಗಾದರೆ ಕೆಂಪು ನೋಡಿದರೆ ಸಾಕಲ್ಲ’ ಎನ್ನುವುದು ಬಹುಪಾಲು ಪುಸ್ತಕಗಳ ಧಾಟಿ. ನಾನು ಒಪ್ಪುವುದಿಲ್ಲ.

ಎಕ್ಸೆಲ್ಸ ಬೂದುಗಂದು, ಗುಳ್ಳೆಗಳೂ ಬೂದು, ಉಂಗುರದ ಮೇಲೆ ಗೀರುಗಳಿವೆ, ಬೀಜಕ ಅಯೋಡಿನ್‌ನಲ್ಲಿ ನೀಲಿಯಾಗುತ್ತದೆ. ಅಂದರೆ ರುಬೆಸೆನ್ಸ್‌ನಿಂದ ಅದನ್ನು ಬೇರ್ಪಡಿಸುವ ಭಾರ ಬಹುತೇಕ ಕೆಂಪಿನ ಮೇಲೆಯೇ ಬೀಳುತ್ತದೆ. ಇಲ್ಲಿ ಗಡಿಯಾರ ಬೇಕೇ ಬೇಕು.

ಪ್ಯಾಂಥೆರಿನದ ವಿಷಯ ಬೇರೆ. ಅದರಲ್ಲಿ ಐಬೊಟೆನಿಕ್ ಆಮ್ಲ ಮತ್ತು ಮಸ್ಕಿಮಾಲ್ ಇವೆ, ನರಗಳ ಮೇಲೆ ಕೆಲಸ ಮಾಡುವ ವಿಷಗಳು. ಅದನ್ನು ಬೇರ್ಪಡಿಸಲು ಕೆಂಪಿಗಿಂತ ಗಟ್ಟಿಯಾದ ನಾಲ್ಕು ಸಾಕ್ಷಿಗಳಿವೆ: ಗುಳ್ಳೆಗಳು ಅಚ್ಚ ಬಿಳಿ, ಉಂಗುರದ ಮೇಲ್ಮೈ ನಯ, ಗೀರಿಲ್ಲ, ಬುಡದ ಗೆಡ್ಡೆಯ ಮೇಲೆ ಕಾಲುಚೀಲದ ಮಡಿಕೆಯಂತೆ ಎದ್ದುನಿಂತ ಅಂಚು, ಅದರ ಮೇಲೆ ಒಂದೆರಡು ಬಳೆ, ಟೋಪಿಯ ಅಂಚಿನಲ್ಲಿ ಸಣ್ಣ ಗೀರುಗಳು. ಐದನೆಯದಾಗಿ ಬೀಜಕ ಅಯೋಡಿನ್‌ನಲ್ಲಿ ನೀಲಿಯಾಗುವುದಿಲ್ಲ. ಹಳೆಯ, ಹುಳು ಹಿಡಿದ, ಮಳೆಯಲ್ಲಿ ನೆನೆದ ಅಣಬೆಯಲ್ಲಿ ಕೊಳೆತ ಕಂದನ್ನು ಕೆಂಪೆಂದು ಓದಿಕೊಳ್ಳುವುದು ಬಹಳ ಸುಲಭ. ಕಣ್ಣು ತನಗೆ ಬೇಕಾದ ಬಣ್ಣವನ್ನೇ ಕಾಣುತ್ತದೆ. ಮಡಿಕೆಯ ಅಂಚನ್ನು ಮಾತ್ರ ಇಲ್ಲವೆಂದು ಕಣ್ಣಿಗೆ ನಂಬಿಸುವುದು ಕಷ್ಟ. ಹಾಗಾಗಿ ನನ್ನ ಕ್ರಮ ಹೀಗೆ: ಮೊದಲು ಬುಡ, ಆಮೇಲೆ ಉಂಗುರ, ಆಮೇಲೆ ಗುಳ್ಳೆ, ಕೊನೆಗೆ ಕೆಂಪು. ಮೊದಲ ಮೂರು ತಪ್ಪಿದ್ದರೆ ಕೆಂಪು ಎಷ್ಟು ಚೆನ್ನಾಗಿದ್ದರೂ ನಂಬುವುದಿಲ್ಲ.

ಏಳನೆಯ ಹಂತ: ವಿವರಣೆ ಬರೆಯುವುದು

ನನ್ನ ಹಳೆಯ ಪುಸ್ತಕದಿಂದ ಒಂದು ಕೆಟ್ಟ ವಿವರಣೆ: ‘ದೊಡ್ಡ ಕಂದು ಅಣಬೆ, ಮೇಲೆ ಚುಕ್ಕೆ, ಕೆಂಪಾಗುತ್ತದೆ, ಉಂಗುರ ಇದೆ. ಬಹುಶಃ ರುಬೆಸೆನ್ಸ್.’ ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕೊನೆಯ ಪದ ತೆಗೆದರೆ ಉಳಿದದ್ದು ಕ್ಲೋರೊಫಿಲಮ್‌ಗೂ ಅಗಾರಿಕಸ್‌ಗೂ ಒಪ್ಪುತ್ತದೆ. ಹೆಸರನ್ನು ಬೆರಳಿನಿಂದ ಮುಚ್ಚಿ ಓದಿದರೂ ಅದೇ ಅಣಬೆ ಕಣ್ಣಮುಂದೆ ಬರಬೇಕು. ಹೀಗೆ ಬರೆದರೆ ಬರುತ್ತದೆ:

‘ಟೋಪಿ 85 ಮಿ.ಮೀ., ಮಟ್ಟಸ, ನಡುವೆ ಕೆಂಗಂದು, ಅಂಚಿನತ್ತ ಮಾಸಲು ಗುಲಾಬಿಗಂದು, ಅಂಚಿನಲ್ಲಿ ಗೀರಿಲ್ಲ. ಗುಳ್ಳೆಗಳು 1–3 ಮಿ.ಮೀ., ಬೂದುಗುಲಾಬಿ, ಹಿಟ್ಟಿನಂತೆ ಪುಡಿಯಾಗುವಂಥವು, ಒರೆಸಿದರೆ ಬಿಡುತ್ತವೆ. ಕಿವಿರುಗಳು ಬಿಳಿ, ಒತ್ತಾಗಿ, ಕಾಂಡಕ್ಕೆ ಅಂಟಿಲ್ಲ. ಹುಳು ಕಡಿದಲ್ಲಿ ಕೆಂಗಂದು ಚುಕ್ಕೆ. ಕಾಂಡ 110 × 18 ಮಿ.ಮೀ., ಮೇಲೆ ಬಿಳಿ, ಕೆಳಗಿನ ಮೂರನೆಯ ಒಂದು ಭಾಗ ಗುಲಾಬಿ. ಉಂಗುರ ಜೋಲುವಂಥದ್ದು, ಬಿಳಿ, ಮೇಲ್ಮೈಯಲ್ಲಿ ಗೀರುಗಳು. ಬುಡ 32 ಮಿ.ಮೀ., ಗೆಡ್ಡೆಯಂತೆ, ಎದ್ದ ಅಂಚಿಲ್ಲ. ತಿರುಳು ಬಿಳಿ; ಸೀಳಿದ ಮೇಲೆ 5 ನಿಮಿಷಕ್ಕೆ ಬದಲಾವಣೆ ಇಲ್ಲ, 10 ನಿಮಿಷಕ್ಕೆ ಬುಡದಲ್ಲಿ ನಸುಗುಲಾಬಿ, 30 ನಿಮಿಷಕ್ಕೆ ಬುಡ ದ್ರಾಕ್ಷಾರಸದ ಕೆಂಪು, ಸಿಪ್ಪೆಯಡಿ ಗುಲಾಬಿ ಗೆರೆ, ಟೋಪಿಯ ನಡುತಿರುಳು ಬಿಳಿಯೇ; 60 ನಿಮಿಷಕ್ಕೆ ಹೆಚ್ಚಿನ ಬದಲಾವಣೆ ಇಲ್ಲ. ನೆರಳಿನಲ್ಲಿ, ಮೋಡ ಕವಿದ ಹವೆ. ಬೀಜಕದ ಅಚ್ಚು ಬಿಳಿ.’

ಕ್ರಮ ಮೇಲಿನಿಂದ ಕೆಳಕ್ಕೆ, ಹೊರಗಿನಿಂದ ಒಳಕ್ಕೆ. ‘ಸುಂದರ’, ‘ವಿಶಿಷ್ಟ’, ‘ಸಾಧಾರಣ’ ಎಂಬ ಪದಗಳಿಗೆ ಇಲ್ಲಿ ಕೆಲಸವಿಲ್ಲ. ಇಲ್ಲದ್ದನ್ನು ‘ಇಲ್ಲ’ ಎಂದು ಬರೆದ ಸಾಲುಗಳನ್ನು ಗಮನಿಸಿ. ಗೀರಿಲ್ಲ, ಎದ್ದ ಅಂಚಿಲ್ಲ, ಬದಲಾವಣೆ ಇಲ್ಲ. ಪ್ಯಾಂಥೆರಿನವನ್ನು ಹೊರಗಿಟ್ಟದ್ದರಲ್ಲಿ ಆ ‘ಇಲ್ಲ’ಗಳ ಪಾಲು ದೊಡ್ಡದು. ನೋಡದೇ ಇದ್ದದ್ದಕ್ಕೆ ‘ಇಲ್ಲ’ ಎನ್ನಬೇಡಿ, ‘ನೋಡಲಿಲ್ಲ’ ಎನ್ನಿ.

ಎಂಟನೆಯ ಹಂತ: ಒಣಗಿಸುವುದು, ಹೆಸರಿಡುವುದು

ಹೋಳುಗಳನ್ನು 40–45 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯಲ್ಲಿ ಹಪ್ಪಳದಂತೆ ಗರಿಗರಿಯಾಗುವವರೆಗೆ ಒಣಗಿಸಿ. ಹೆಚ್ಚು ಬಿಸಿಯಾದರೆ ಬೇಯುತ್ತದೆ, ಡಿಎನ್‌ಎ ಕೆಡುತ್ತದೆ. ಬುಡ ದಪ್ಪವಿರುವುದರಿಂದ ಅದನ್ನು ಸೀಳಿಯೇ ಇಡಬೇಕು.

ಹೆಸರಿನಲ್ಲಿ ಮಾತ್ರ ಆತುರ ಬೇಡ. ರುಬೆಸೆನ್ಸ್ ಯುರೋಪಿನ ಅಣಬೆಗೆ ಇಟ್ಟ ಹೆಸರು. ಉತ್ತರ ಅಮೆರಿಕದಲ್ಲಿ ಬಹುಕಾಲ ಅದೇ ಹೆಸರಿನಲ್ಲಿ ಕರೆಸಿಕೊಂಡವು ಬೇರೆ ಜಾತಿಗಳೆಂದು ಈಗ ಪರಿಗಣಿಸಲಾಗುತ್ತಿದೆ. ಆ ಖಂಡದ ಪಶ್ಚಿಮ ಭಾಗದ ಬಿಳಿ ಟೋಪಿಯ ಕೆಂಪೇರುವ ಅಣಬೆಗೆ 1994ರಲ್ಲಿ ಅಮಾನಿಟ ನೊವಿನುಪ್ಟ, ಅಂದರೆ ನವವಧು ಎಂಬ ಹೆಸರು ಬಂತು. ಹಿಮಾಲಯದ ಕಾಡುಗಳಿಂದ ಅಮಾನಿಟ ಆರ್ಸೋನಿಐ ಎಂಬ ಇನ್ನೊಂದು ಕೆಂಪೇರುವ ಜಾತಿಯನ್ನು ವಿವರಿಸಿದ್ದಾರೆ. ನಿಮ್ಮ ಮಾದರಿ ಯುರೋಪಿನದ್ದಲ್ಲವಾದರೆ ‘ಅಮಾನಿಟ ರುಬೆಸೆನ್ಸ್ ಗುಂಪು’ ಎಂದು ಬರೆದು ಅಲ್ಲಿಗೇ ನಿಲ್ಲಿಸುವುದು ಪ್ರಾಮಾಣಿಕ. ಮುಂದೆ ಯಾರಾದರೂ ಡಿಎನ್‌ಎ ತೆಗೆದು ಜಾತಿ ನಿರ್ಧರಿಸಿದಾಗ ನಿಮ್ಮ ನಿಮಿಷಗಳ ಪಟ್ಟಿ ಅವರಿಗೆ ಬೇಕಾಗುತ್ತದೆ.

ಅಮೆರಿಕದ ಕೆಂಪೇರುವ ಅಮಾನಿಟಗಳ ಮೇಲೆ ಹೈಪೊಮೈಸಿಸ್ ಹೈಯಲೈನಸ್ ಎಂಬ ಪರಾವಲಂಬಿ ಶಿಲೀಂಧ್ರ ಹಬ್ಬುತ್ತದೆ. ಆಗ ಟೋಪಿ ಬಿಚ್ಚಿಕೊಳ್ಳದೆ ಇಡೀ ಅಣಬೆ ಸುಣ್ಣ ಬಳಿದ ಗದೆಯಂತೆ ನಿಲ್ಲುತ್ತದೆ. ಕಿವಿರಿಲ್ಲ, ಉಂಗುರವಿಲ್ಲ, ಗುಳ್ಳೆಯಿಲ್ಲ. ಅಂಥದ್ದು ಸಿಕ್ಕರೆ ಸುತ್ತ ಹತ್ತು ಹೆಜ್ಜೆಯೊಳಗೆ ಸರಿಯಾಗಿರುವುದು ಇದೆಯೇ ಹುಡುಕಿ, ಎರಡನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಒಂದೇ ಸಂಗ್ರಹ ಸಂಖ್ಯೆಯಡಿ ಅ, ಆ ಎಂದು ಗುರುತಿಸಿ ಇಡಿ.

ಪೊಟ್ಟಣದ ಮೇಲೆ ದಿನಾಂಕ, ಸ್ಥಳ, ಎತ್ತರ, ಮರಗಳು, ಸಂಗ್ರಹ ಸಂಖ್ಯೆ, ಚಿತ್ರಗಳ ಸಂಖ್ಯೆ. ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಯ ಪ್ರತಿಯನ್ನು ಮಡಚಿ ಒಣಗಿದ ಹೋಳುಗಳ ಜೊತೆ ಒಳಗೇ ಇಡಿ. ಪುಸ್ತಕ ಒಂದು ಕಪಾಟಿನಲ್ಲಿ, ಅಣಬೆ ಇನ್ನೊಂದರಲ್ಲಿ ಇದ್ದರೆ ಎಂದಾದರೂ ಒಂದು ದಿನ ಎರಡೂ ಬೇರೆಯಾಗುತ್ತವೆ.